ಮೊದಲು ಹೇಳಿದವರ ಹಸು

ನಮ್ಮಲ್ಲಿ ಗೃಹಪ್ರವೇಶಕ್ಕೆ ಹಸು ಬೇಕೇ ಬೇಕು. ಮನೆ ಜೆ.ಪಿ. ನಗರದ ಒಂಬತ್ತನೇ ಮಹಡಿಯಲ್ಲಿದ್ದರೂ ಸರಿ, ಕರುವಿನ ಸಮೇತ ಹಸು ಬಂದು ಹೊಸ್ತಿಲು ದಾಟಬೇಕು, ನಡುಮನೆಯಲ್ಲಿ ಒಂದು ಸುತ್ತು ಬರಬೇಕು. ನೆಲದ ಮೇಲೆ ಸೆಗಣಿ ಹಾಕಿಬಿಟ್ಟರಂತೂ ಪರಮ ಶುಭ. ಲಕ್ಷಗಟ್ಟಲೆ ಸುರಿದು ಮಾರ್ಬಲ್ ಹಾಸಿದ ಯಜಮಾನರು ಆ ಶುಭಕ್ಕಾಗಿ ಬಾಯಿ ಬಿಟ್ಟುಕೊಂಡು ಕಾಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಉಳಿದವರೆಲ್ಲ ಕಿಟಕಿ, ಕಪಾಟು ನೋಡುವಾಗ ನಾನು ಹಸುವಿನ ಮೂಗು, ಗೊರಸು, ಕೆಚ್ಚಲು ನೋಡುತ್ತಾ ನಿಲ್ಲುತ್ತೇನೆ. ನಾನು ದನದ ಡಾಕ್ಟರು. ನಿವೃತ್ತಿಯಾದರೂ ಕಣ್ಣಿಗೆ ಪೆನ್ಷನ್ ಸಿಕ್ಕಿಲ್ಲ. ನನ್ನನ್ನು ಕರೆದುಕೊಂಡು ಹೋಗುವುದೆಂದರೆ ತಂಗಿಗೆ ಯಾವಾಗಲೂ ಸ್ವಲ್ಪ ಮುಜುಗರ.

ಪದ್ಮನಾಭನಗರದ ನಮ್ಮ ಮನೆಯ ಹಿಂದಿನ ಓಣಿ ಒಂದು ಕಾಲಕ್ಕೆ ಪೂರಾ ಹಳ್ಳಿ. ಈಗ ಎರಡು ಅಪಾರ್ಟ್‌ಮೆಂಟು, ಒಂದು ಟ್ಯೂಷನ್ ಸೆಂಟರು, ಒಂದು ಜೆರಾಕ್ಸ್ ಅಂಗಡಿಯ ಮಧ್ಯೆ ನಾಲ್ಕು ಕೊಟ್ಟಿಗೆಗಳು ಹೇಗೋ ಉಳಿದುಕೊಂಡಿವೆ. ಕೊನೆಯ ಕೊಟ್ಟಿಗೆ ಒಬ್ಬ ಹೆಂಗಸಿನದು. ಹೆಚ್ಚು ಕಡಿಮೆ ನನ್ನದೇ ವಯಸ್ಸು, ನನ್ನಷ್ಟೇ ಜಗಳಗಂಟಿ. ಹಾಲಿಗೆ ನೀರು ಬೆರೆಸುತ್ತೀರಿ ಎಂದು ನಾನು, ನಿಮ್ಮ ಪಾತ್ರೆಯೇ ಒದ್ದೆ ಇತ್ತು ಎಂದು ಅವರು, ಹೀಗೆ ವರ್ಷಗಟ್ಟಲೆ ಜಗಳವಾಡಿ ನಾವು ಸ್ನೇಹಿತರಾಗಿದ್ದೆವು. ಅವರು ನನ್ನನ್ನು ಡಾಕ್ಟ್ರಮ್ಮ ಎನ್ನುತ್ತಿದ್ದರು. ಅವರ ಹತ್ತಿರ ಒಂದು ಕೆಂದ ಹಸುವಿತ್ತು. ಗೃಹಪ್ರವೇಶಕ್ಕೆಂದೇ ಹುಟ್ಟಿದ ಹಸು. ಮೆಟ್ಟಿಲು ಹತ್ತುತ್ತಿತ್ತು, ಲಿಫ್ಟಿನಲ್ಲಿ ಕದಲದೆ ನಿಲ್ಲುತ್ತಿತ್ತು, ಪುರೋಹಿತರು ಮೈಗೆ ಅರಿಶಿನ ಬಳಿದರೂ ಮಕ್ಕಳು ಬಾಲ ಹಿಡಿದು ಎಳೆದರೂ ಕಿವಿ ಕೂಡ ಅಲ್ಲಾಡಿಸುತ್ತಿರಲಿಲ್ಲ. ಮುಹೂರ್ತದ ತಿಂಗಳುಗಳಲ್ಲಿ ಬನಶಂಕರಿಯಿಂದ ಬಿ.ಟಿ.ಎಂ. ಲೇಔಟಿನವರೆಗೆ ಅದನ್ನೇ ಕೇಳಿಕೊಂಡು ಬರುತ್ತಿದ್ದರು. ಆ ಹೆಂಗಸಿನ ಮನೆ ನಡೆಯುತ್ತಿದ್ದದ್ದೇ ಅದರಿಂದ. ಹಾಲು ಮೇಲುಖರ್ಚಿಗೆ ಅಷ್ಟೇ.

ಆ ಓಣಿಯಲ್ಲಿ ಇನ್ನೊಂದು ಪದ್ಧತಿಯಿತ್ತು. ಶಾಸ್ತ್ರಕ್ಕೆ ಕರು ಬೇಕು, ಆದರೆ ಎಲ್ಲ ಹಸುವಿಗೂ ಎಲ್ಲ ಕಾಲಕ್ಕೂ ಕರು ಇರುವುದಿಲ್ಲ. ಆಗ ಪಕ್ಕದ ಕೊಟ್ಟಿಗೆಯ ಕರುವನ್ನು ಹಿಡಿದುಕೊಂಡು ಹೋಗುತ್ತಿದ್ದರು. ಯಾರ ತಾಯಿಯೋ, ಯಾರ ಮಗುವೋ, ಅರಿಶಿನ ಕುಂಕುಮ ಹಚ್ಚಿ ನಿಲ್ಲಿಸಿದರೆ ಫೋಟೋದಲ್ಲಿ ಎಲ್ಲವೂ ಸರಿಯಾಗಿ ಬರುತ್ತದೆ. ಯಾರೂ ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ. ಕರು ಕೊಡಲಿಲ್ಲವೆಂದರೆ ಆ ಮನೆಯೊಂದಿಗೆ ಮಾತೇ ಬಿಟ್ಟಂತೆ. ನನಗೆ ಈ ಪದ್ಧತಿ ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು. ಕೊಟ್ಟಿಗೆಯಿಂದ ಕೊಟ್ಟಿಗೆಗೆ ರೋಗ ಹೋಗಲು ಇದಕ್ಕಿಂತ ಸಲೀಸಾದ ದಾರಿ ಉಂಟೆ ಎಂದು ನಾನು ರೇಗುತ್ತಿದ್ದೆ. ಅವರು, “ನಿಮ್ಮನೇಲಿ ಸಕ್ಕರೆ ಸಾಲ ಕೊಡಲ್ವಾ ಡಾಕ್ಟ್ರಮ್ಮ? ಇದೂ ಹಂಗೇಯ” ಎಂದು ನಗುತ್ತಿದ್ದರು.

ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ಚಿಕಿತ್ಸೆ ಮಾಡುವುದು ನಿಂತುಹೋಗಿ ಮಾತಾಡುವುದು ನನ್ನ ಕೆಲಸವಾಗಿತ್ತು. ಅಕ್ಕಪಕ್ಕದ ದೇಶಗಳ ಪಶುವೈದ್ಯರು ತಿಂಗಳಿಗೊಮ್ಮೆ ಕಂಪ್ಯೂಟರಿನ ತೆರೆಯ ಮೇಲೆ ಸೇರುತ್ತಿದ್ದೆವು. ನನ್ನ ಹಿಂದೆ ಊಟದ ಮೇಜಿನ ಮೇಲೆ ಹುಳಿಯ ಪಾತ್ರೆ, ಇನ್ನೊಬ್ಬರ ಹಿಂದೆ ದೊಡ್ಡ ಬಾವುಟ. ವಿಷಯ ಮಾತ್ರ ಎಲ್ಲರದೂ ಒಂದೇ. ದನದ ರೋಗಕ್ಕೆ ಗಡಿ ಗೊತ್ತಿಲ್ಲ. ನೊಣಕ್ಕೆ ಪಾಸ್‌ಪೋರ್ಟ್ ಇಲ್ಲ, ಸೊಳ್ಳೆಗೆ ವೀಸಾ ಇಲ್ಲ, ಸಂತೆಯಿಂದ ಸಂತೆಗೆ ದನ ಹೊಡೆಯುವ ವ್ಯಾಪಾರಿಗೆ ಇದ್ದರೂ ಅವನು ತೋರಿಸುವುದಿಲ್ಲ. ಆದ್ದರಿಂದ ನಮ್ಮಲ್ಲಿ ಇದ್ದದ್ದು ಒಂದೇ ನಿಯಮ: ಯಾರು ಮೊದಲು ನೋಡುತ್ತಾರೋ ಅವರು ಮೊದಲು ಹೇಳಬೇಕು. ಬಹಿರಂಗವಾಗಿ ಹೇಳಬೇಕು. ಸುದ್ದಿ ಗುಟ್ಟಾಗಿ ಸೋರಿದರೆ ಜನ ಏನು ಮಾಡುತ್ತಾರೆಂದು ನಮಗೆಲ್ಲ ಗೊತ್ತಿತ್ತು. ದನ ಆಚೆ ಹೋಗದಂತೆ ಸರ್ಕಾರ ಬಾಗಿಲು ಹಾಕುವ ಮೊದಲೇ ಅವುಗಳನ್ನು ಬೇರೆ ಊರಿಗೆ ಸಾಗಿಸಿಬಿಡುತ್ತಾರೆ. ಒಂದೇ ಊರಿನಲ್ಲಿ ಮುಗಿಯಬೇಕಾದ ರೋಗ ಅವರ ಜೊತೆಗೇ ನಡೆದುಕೊಂಡು ಹತ್ತೂರಿಗೆ ಹೋಗುತ್ತದೆ.

ಹೇಳುವುದು ಸುಲಭವಲ್ಲ. ಹೇಳಿದ ದೇಶದ ದನ, ಮಾಂಸ, ಚರ್ಮ ಯಾವುದನ್ನೂ ಉಳಿದವರು ಕೊಳ್ಳುವುದಿಲ್ಲ. ಅದಕ್ಕೇ ಎಲ್ಲರೂ ಪಕ್ಕದವರು ಮೊದಲು ಹೇಳಲಿ ಎಂದು ಕಾಯುತ್ತಾರೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಒಂದು ಸಭೆಯಲ್ಲಿ ಗಡಿಯಾಚೆಯ ವೈದ್ಯರೊಬ್ಬರು ಕಟ್ಟಿದರು. ಅವರ ಕೋಣೆಯಲ್ಲಿ ಯಾವಾಗಲೂ ಕೋಳಿ ಕೂಗುವುದು ಕೇಳಿಸುತ್ತಿತ್ತು, ನಾವೆಲ್ಲ ಅದಕ್ಕೆ ನಗುತ್ತಿದ್ದೆವು. ಅಂದು ಅವರು ನಗದೆ, ನಮ್ಮ ಹಸುಗಳ ಮೈಮೇಲೆ ಗಂಟುಗಳು ಬಂದಿವೆ, ಇದು ನಾವು ಹೆದರುತ್ತಿದ್ದ ಚರ್ಮಗಂಟು ರೋಗವೇ, ನಿಮ್ಮ ಕಡೆಯ ಜಿಲ್ಲೆಗಳಲ್ಲಿ ಲಸಿಕೆ ಶುರುಮಾಡಿಕೊಳ್ಳಿ ಎಂದರು. ಮೇಲಿನವರ ಒಪ್ಪಿಗೆಗೆ ಕಾಯದೆ ಹೇಳಿದ್ದು ಅವರ ಮುಖದಲ್ಲೇ ಗೊತ್ತಾಗುತ್ತಿತ್ತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ತಟ್ಟಿದವರಲ್ಲಿ ಎಲ್ಲರಿಗಿಂತ ಜೋರು ನಾನೇ. ಮೊದಲು ಹೇಳಿದವರಿಗೆ ನಷ್ಟವಾಗಬಾರದು, ಎಲ್ಲ ದೇಶಗಳೂ ಸೇರಿ ಅವರಿಗೆ ಹೆಗಲು ಕೊಡಬೇಕು ಎಂದು ಒಂದು ಭಾಷಣವನ್ನೂ ಬಿಗಿದೆ. ಎಲ್ಲರೂ ತಲೆಯಾಡಿಸಿದರು.

ಅವರು ಮುಂಚೆಯೇ ಹೇಳಿದ್ದರಿಂದ ನಮಗೆ ಒಂದಿಷ್ಟು ಸಮಯ ಸಿಕ್ಕಿತು. ಆದರೂ ರೋಗ ನಿಲ್ಲಲಿಲ್ಲ. ಒಂದೊಂದೇ ರಾಜ್ಯ ದಾಟಿಕೊಂಡು ಕೆಳಕ್ಕೆ ಇಳಿದು ಬಂತು. ಟಿ.ವಿ.ಯಲ್ಲಿ ಸತ್ತ ಹಸುಗಳ ಸಾಲು ತೋರಿಸತೊಡಗಿದಾಗ ನಾನು ಓಣಿಯ ನಾಲ್ಕೂ ಕೊಟ್ಟಿಗೆಗಳಿಗೆ ಹೋಗಿ, ಮೈಮೇಲೆ ಒಂದು ಗಂಟು ಕಂಡರೂ ನನಗೆ ಹೇಳಿ ಎಂದು ಹೇಳಿಬಂದೆ. ಎಲ್ಲರೂ ಆಯ್ತು ಎಂದರು. ಅವರ ಆಯ್ತು ಎಂಥದ್ದೆಂದು ನನಗೆ ಗೊತ್ತಿತ್ತು.

ಕೊನೆಯ ಕೊಟ್ಟಿಗೆಯ ಹೆಂಗಸು ಮಾತ್ರ ಒಂದು ದಿನ ಬೆಳಿಗ್ಗೆ ಗೇಟಿನ ಹತ್ತಿರ ಬಂದು ನಿಂತರು. ಕೈಯಲ್ಲಿ ಹಾಲಿನ ಕ್ಯಾನ್ ಇರಲಿಲ್ಲ.

“ಡಾಕ್ಟ್ರಮ್ಮ, ಕೆಂದಂದು ಕುತ್ತಿಗೆ ಮೇಲೆ ಒಂಥರಾ ಗಡ್ಡೆ ಐತೆ. ರಾತ್ರಿಯಿಂದ ಮೇವು ಮುಟ್ಟಿಲ್ಲ.”

ನಾನು ಹೋಗಿ ನೋಡಿದೆ. ನಿಂಬೆಹಣ್ಣಿನಷ್ಟು ದಪ್ಪದ ಗಂಟು, ಹಿಂದೆ ಪಕ್ಕೆಯ ಮೇಲೆ ಇನ್ನೆರಡು ಏಳುತ್ತಿದ್ದವು. ಜ್ವರ ಸುಡುತ್ತಿತ್ತು. ಅದರ ಪುಟ್ಟ ಕರುವನ್ನು ಅವರು ಬುದ್ಧಿವಂತಿಕೆಯಿಂದ ಆಚೆ ಕಟ್ಟಿದ್ದರು.

“ಇಲಾಖೆಗೆ ಹೇಳ್ಬೇಕು,” ಎಂದೆ.

“ಹೇಳಿದ್ರೆ ಓಣಿಯೋರಿಗೆಲ್ಲ ಗೊತ್ತಾಗ್ತದೆ. ಮುಂದಿನ್ ವಾರದಿಂದ ಮುಹೂರ್ತ ಶುರು. ಮೂರು ಮನೆಯೋರು ಆಗ್ಲೇ ಹೇಳೋಗವ್ರೆ. ಅರಿಶಿನ ದಪ್ಪಕ್ಕೆ ಬಳ್ದುಬಿಟ್ರೆ ಗಡ್ಡೆ ಕಾಣಕ್ಕಿಲ್ಲ, ನಂಗೊತ್ತು. ಆದ್ರೂ ನೀವು ಹೇಳಿದ್ರಲ್ಲ ಅಂತ ಬಂದೆ.”

“ನೀವು ಮೊದಲು ಹೇಳಿದ್ರೆ ಬೇರೆ ಮೂರು ಕೊಟ್ಟಿಗೆ ಉಳಿಯುತ್ತೆ. ನಿಮಗೆ ಏನೂ ಆಗಲ್ಲ. ನಾನಿದ್ದೀನಿ.”

ಅವರು ಹಸುವಿನ ಕುತ್ತಿಗೆಯ ಹಗ್ಗವನ್ನು ಗಂಟಿಗೆ ತಾಗದಂತೆ ಸಡಿಲಿಸಿದರು. ಆಮೇಲೆ, “ಹಂಗಾರೆ ಹೇಳ್ಬುಡಿ” ಎಂದರು.

ಇಲಾಖೆಯವರು ಅಂದೇ ಬಂದರು. ಉಳಿದ ಕೊಟ್ಟಿಗೆಗಳ ಆರೋಗ್ಯವಾದ ದನಗಳಿಗೆ, ಆ ಪುಟ್ಟ ಕರುವಿಗೂ ಲಸಿಕೆ ಹಾಕಿದರು, ಔಷಧಿ ಸಿಂಪಡಿಸಿದರು, ಯಾವ ದನವೂ ಆಚೆ ಹೋಗಬಾರದೆಂದು ಹೇಳಿದರು. ಮುಹೂರ್ತದ ಮೊದಲ ವಾರಗಳು ಓಣಿಯವರ ಕೈತಪ್ಪಿದವು. ಆದರೆ ಕೆಂದ ಹಸುವೊಂದನ್ನು ಬಿಟ್ಟು ಬೇರಾವುದಕ್ಕೂ ರೋಗ ಬರಲಿಲ್ಲ. ನಾನು ಎಲ್ಲೆಡೆ ಹೇಳಿಕೊಂಡು ತಿರುಗಿದೆ. ತಿಂಗಳ ಸಭೆಯಲ್ಲೂ ನಮ್ಮ ಹಿತ್ತಲಿನ ಉದಾಹರಣೆ ಎಂದು ವಿವರಿಸಿದೆ. ಅಷ್ಟು ಹೆಮ್ಮೆ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಹಸು ಬದುಕಿತು. ಗಂಟುಗಳು ಒಡೆದು ಒಣಗಿದವು. ಆದರೆ ಕುತ್ತಿಗೆ, ಪಕ್ಕೆಗಳ ಮೇಲೆ ಕೂದಲು ಬಾರದ ದುಂಡು ದುಂಡು ಕಲೆಗಳು ಉಳಿದವು. ನಾನು ಪುಸ್ತಕ ಓದಿದವಳು, ಕಲೆ ಉಳಿಯುತ್ತದೆಂದು ಗೊತ್ತಿತ್ತು. ಕಲೆಯ ಅರ್ಥ ಏನೆಂದು ಗೊತ್ತಿರಲಿಲ್ಲ. ಪೂಜೆಗೆ ನಿಲ್ಲುವ ಹಸುವಿನ ಮೈಯಲ್ಲಿ ಊನ ಇರಬಾರದು. ಒಬ್ಬ ಪುರೋಹಿತರು ಬೇಡವೆಂದರು, ಆಮೇಲೆ ಇನ್ನೊಬ್ಬರು. ಪಕ್ಕದ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಕೆಂದ ಹಸುವಿನ ಫೋಟೋ ಹಾಕಿ, ಈ ಕೊಟ್ಟಿಗೆಯ ಹಾಲು ತೆಗೆದುಕೊಳ್ಳಬೇಡಿ ಎಂದರು. ಈ ರೋಗ ಮನುಷ್ಯರಿಗೆ ಬರುವುದಿಲ್ಲ, ಹಾಲು ಕಾಯಿಸಿ ಕುಡಿದರೆ ಏನೂ ಆಗುವುದಿಲ್ಲ ಎಂದು ನಾನು ಮನೆಮನೆಗೆ ಹೋಗಿ ಗಂಟಲು ಹರಿದುಕೊಂಡೆ. ಎಲ್ಲರೂ ಕಾಫಿ ಕೊಟ್ಟು, ಹೌದು ಮೇಡಂ, ಕರೆಕ್ಟ್ ಮೇಡಂ ಎಂದರು. ಮರುದಿನ ಬೆಳಿಗ್ಗೆ ಅವರ ಬಾಗಿಲಲ್ಲಿ ಪ್ಯಾಕೆಟ್ ಹಾಲಿನ ಚೀಲ ನೇತಾಡುತ್ತಿತ್ತು.

ಅಷ್ಟರಲ್ಲಿ ತಂಗಿಯ ಹೊಸ ಮನೆ ಮುಗಿಯಿತು. ಜೆ.ಪಿ. ನಗರದಲ್ಲಿ, ಕೆರೆ ಕಾಣುವ ಫ್ಲಾಟು. ನಾನು ಕೂತಲ್ಲೇ ಹೇಳಿದೆ, ಹಸು ನಮ್ಮ ಓಣಿಯ ಕೆಂದದ್ದೇ ಆಗಬೇಕು ಎಂದು.

“ಅಕ್ಕ, ನೀನು ಸುಮ್ನಿರು,” ಎಂದಳು ತಂಗಿ. “ಮೈಯೆಲ್ಲ ಕಲೆ ಇರೋ ಹಸುನ ಹೊಸ ಮನೆಗೆ ಯಾರಾದ್ರೂ ಕರೀತಾರಾ? ಅತ್ತೆ ಒಪ್ಪಲ್ಲ. ನಂಗೂ ಒಂಥರಾ ಅನ್ಸತ್ತೆ, ಸುಳ್ಳು ಯಾಕೆ ಹೇಳ್ಲಿ.”

“ಅದಕ್ಕೆ ವಾಸಿ ಆಗಿದೆ. ಈಗ ಅದರಷ್ಟು ಸುರಕ್ಷಿತವಾದ ಹಸು ಇಡೀ ಬೆಂಗಳೂರಲ್ಲಿ ಇಲ್ಲ.”

“ಸುರಕ್ಷಿತ ಬೇಡ, ಲಕ್ಷಣ ಬೇಕು.”

ನಾನು ಕೂಗಾಡಿದೆ, ಅವಳು ಅತ್ತಳು, ಮಾತುಕತೆ ಅಲ್ಲಿಗೆ ನಿಂತಿತು. ಗೃಹಪ್ರವೇಶದ ಬೆಳಿಗ್ಗೆ ಹೋಗಿ ನೋಡಿದರೆ ಬಂದಿದ್ದದ್ದು ಅದೇ ಓಣಿಯ ಮೊದಲ ಕೊಟ್ಟಿಗೆಯ ಬಿಳಿ ಹಸು. ಆ ಹೆಂಗಸು ಮೊದಲು ಹೇಳಿದ್ದರಿಂದ ಲಸಿಕೆ ಹಾಕಿಸಿಕೊಂಡು ಉಳಿದಿದ್ದ ಹಸು. ಜೊತೆಗಿದ್ದ ಕರುವಿನ ಗುರುತು ನನಗೆ ನೋಡಿದ ಕೂಡಲೇ ಹತ್ತಿತು. ಅದು ಕೆಂದ ಹಸುವಿನ ಕರು. ಬಿಳಿ ಹಸುವಿನ ಕರುವನ್ನು ಮಾರಿಬಿಟ್ಟಿದ್ದರಂತೆ, ಪದ್ಧತಿಯಂತೆ ಇದನ್ನು ಕೇಳಿ ತಂದಿದ್ದರು. ತಾಯಿ ಬೇಡ, ಕರು ಬೇಕು.

ಕರು ಲಿಫ್ಟಿನಲ್ಲೇ ಅರಚಲು ಶುರುಮಾಡಿ ಮನೆಯೊಳಗೆ ಬಂದ ಮೇಲೂ ನಿಲ್ಲಿಸಲಿಲ್ಲ. ಬಂದವರು, ಎಷ್ಟು ಮುದ್ದಾಗಿದೆ ಎಂದು ವಿಡಿಯೋ ಮಾಡಿಕೊಂಡರು. ಪುರೋಹಿತರು ದನಿ ಏರಿಸಿ ಮಂತ್ರ ಹೇಳಿದರು. ನಾನು ಬಾಲ್ಕನಿಗೆ ಹೋಗಿ ಕೆಳಗೆ ನೋಡಿದೆ. ಗೇಟಿನಾಚೆ, ಸೆಕ್ಯೂರಿಟಿಯವನ ಕುರ್ಚಿಯ ಪಕ್ಕದಲ್ಲಿ ಆ ಹೆಂಗಸು ನಿಂತಿದ್ದರು. ಕರು ಬೇರೆಯವರ ಹಿಂದೆ ನಡೆಯುವುದಿಲ್ಲ ಎಂದು ಅಲ್ಲಿಯವರೆಗೆ ಬಂದಿದ್ದರು. ನಾನು ಕೆಳಗಿಳಿದು ಹೋಗಿ, ಮೇಲೆ ಬನ್ನಿ, ತಿಂಡಿ ತಿನ್ನಿ ಎಂದೆ. “ಬೇಡ ಡಾಕ್ಟ್ರಮ್ಮ. ಯಾರಾದ್ರೂ ಗುರುತು ಹಿಡಿದ್ರೆ ಕರುನೂ ಬೇಡ ಅಂದಾರು” ಎಂದರು. ಅವತ್ತು ನಾನು ಹೋಳಿಗೆ ತಿಂದೆ. ತಂಗಿಯ ಮನೆಯ ಶುಭಕಾರ್ಯ, ತಿನ್ನದೆ ಇರಲಾಗಲಿಲ್ಲ. ಇಂದಿಗೂ ಆ ಹೋಳಿಗೆ ನೆನಪಾದರೆ ನನಗೆ ನಾಚಿಕೆಯಾಗುತ್ತದೆ.

ಆ ಹೊತ್ತಿಗೆ ಗಡಿಯಾಚೆಯ ವೈದ್ಯರೂ ಸಭೆಗೆ ಬರುವುದನ್ನು ನಿಲ್ಲಿಸಿದ್ದರು. ಅವರು ಹೇಳಿದ ವಾರದಲ್ಲೇ ಅಕ್ಕಪಕ್ಕದ ದೇಶಗಳೆಲ್ಲ ಅವರ ಕಡೆಯ ದನ, ಚರ್ಮ ಬೇಡವೆಂದಿದ್ದವು. ಅವರಲ್ಲಿಯ ವ್ಯಾಪಾರಿಗಳು ಬೀದಿಗಿಳಿದು, ಬಾಯಿಬಿಟ್ಟವನು ಯಾರು ಎಂದು ಕೇಳಿದ್ದರು. ಆ ವೈದ್ಯರನ್ನು ಯಾವುದೋ ಮೂಲೆಯ ಮೇವಿನ ಫಾರಂಗೆ ಹಾಕಿದ್ದಾರೆಂದು ಬೇರೆಯವರಿಂದ ತಿಳಿಯಿತು. ಹೆಗಲು ಕೊಡುತ್ತೇವೆಂದು ತಲೆಯಾಡಿಸಿದವರೆಲ್ಲ ಸಭೆಯಲ್ಲಿ ಹಾಗೇ ಕೂತಿದ್ದರು, ನಾನೂ ಕೂತಿದ್ದೆ. ಅವರ ಜಾಗಕ್ಕೆ ಟೈ ಕಟ್ಟಿದ ಹೊಸಬರೊಬ್ಬರು ಬಂದರು. ಪ್ರತಿ ತಿಂಗಳೂ, ನಮ್ಮಲ್ಲಿ ಯಾವ ರೋಗವೂ ಇಲ್ಲ ಎನ್ನುತ್ತಿದ್ದರು. ಅವರ ಹಿಂದೆ ಕೋಳಿಯ ಸದ್ದೂ ಇರಲಿಲ್ಲ. ಅವರ ಮಾತನ್ನು ಯಾರೂ ನಂಬಲಿಲ್ಲ, ಆದರೆ ಯಾವ ಬಾಯಿಂದ ಕೇಳುವುದು? ಸ್ವಲ್ಪ ದಿನಕ್ಕೆ ನಾನು ನಿವೃತ್ತಳಾದೆ. ಹಾರ ಹಾಕಿದರು, ಶಾಲು ಹೊದಿಸಿದರು.

ಮರುವರ್ಷ ಮುಹೂರ್ತಗಳು ಶುರುವಾದ ಮೇಲೆ ಒಂದು ಸಂಜೆ ಹಾಲು ತರಲು ಹೋದೆ. ಆಗ ಅವರಲ್ಲಿ ಹಾಲು ತೆಗೆದುಕೊಳ್ಳುತ್ತಿದ್ದ ಮನೆ ನಮ್ಮದೊಂದೇ. ಓಣಿಯ ಬಾಯಲ್ಲಿ, ಮೊದಲ ಕೊಟ್ಟಿಗೆಯಲ್ಲಿ ಆ ಬಿಳಿ ಹಸು ನಿಂತಿತ್ತು. ಬಾಯಿಯಿಂದ ಹಗ್ಗದಂತೆ ಜೊಲ್ಲು ಇಳಿಯುತ್ತಿತ್ತು, ಹಿಂಗಾಲನ್ನು ಎತ್ತಿ ಎತ್ತಿ ಒದರುತ್ತಿತ್ತು. ಕಾಲುಬಾಯಿ ಜ್ವರ. ಅದನ್ನು ಗುರುತಿಸಲು ಡಾಕ್ಟರೇ ಆಗಬೇಕಿಲ್ಲ. ಈ ರೋಗದ ಲಸಿಕೆ ಹಾಕುವವರು ಬಂದಿದ್ದಾಗ, ಹಾಲು ಕಮ್ಮಿಯಾಗುತ್ತದೆಂದು ಆ ಮನೆಯವರು ಹಸುವನ್ನು ಮರೆಮಾಡಿದ್ದು ಆಮೇಲೆ ಗೊತ್ತಾಯಿತು. ನಾನು ಸೀದಾ ಕೊನೆಯ ಕೊಟ್ಟಿಗೆಗೆ ಹೋದೆ.

“ಆ ಬಿಳಿ ಹಸು ನೋಡಿದ್ರಾ?”

“ಹೂಂ. ನಾಕೈದು ದಿನ ಆಯ್ತು.”

“ನೋಡಿಯೂ ಯಾಕೆ ಹೇಳ್ಲಿಲ್ಲ ನೀವು?”

ಅವರು ಹಿಂಡುವುದನ್ನು ನಿಲ್ಲಿಸಲಿಲ್ಲ. “ಹೋದ್ಸಲ ನಾನೇ ಹೇಳಿದ್ನಲ್ಲ ಡಾಕ್ಟ್ರಮ್ಮ. ಈ ಸಲ ಬೇರೆಯೋರು ಹೇಳ್ಲಿ.”

“ನಾನಿದ್ದೀನಿ ಅಂದಿರ್ಲಿಲ್ವಾ?”

“ಇದ್ರಲ್ಲ. ಇಲ್ಲ ಅಂದೋರ್ಯಾರು? ದಿನಾ ಒಂದ್ ಲೀಟ್ರು ಹಾಲು ತಗೊಂಡ್ರಿ. ಒಂದ್ ಮನೆ ಹಾಲಲ್ಲಿ ಒಂದ್ ಕೊಟ್ಟಿಗೆ ನಡೀತದಾ?”

ನಾನು ಹಾಲು ಹಾಕಿಸಿಕೊಂಡು ಹೊರಟೆ. ಮನೆಗೆ ಬಂದು ಇಲಾಖೆಗೆ ನಾನೇ ಫೋನು ಮಾಡಿದೆ. ಆ ಹೆಂಗಸಿಗೆ ಮೊದಲು ಒಂದು ಮಾತು ಹೇಳಬೇಕೆಂದು ನನಗೆ ಹೊಳೆಯಲೂ ಇಲ್ಲ. ನೋಡಿದವರು ಹೇಳಬೇಕು, ಅಷ್ಟೇ ನನ್ನ ತಲೆಯಲ್ಲಿ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು. ಅಷ್ಟರಲ್ಲಿ ಆ ಬಿಳಿ ಹಸು ಜ್ವರದಲ್ಲೇ ತ್ಯಾಗರಾಜನಗರದ ಒಂದು ಮನೆಯ ಹೊಸ್ತಿಲು ದಾಟಿ ಬಂದಿತ್ತು. ಜೊತೆಗೆ ಹೋಗಿದ್ದ ಮೂರನೇ ಕೊಟ್ಟಿಗೆಯ ಕರು ಸತ್ತುಹೋಯಿತು. ಮತ್ತೆ ಓಣಿಗೆ ಬಾಗಿಲು ಬಿತ್ತು, ಈ ಸಲ ಇಡೀ ಮುಹೂರ್ತದ ಕಾಲ. ಓಣಿಯವರು ಯಾರನ್ನೂ ಕೇಳಲಿಲ್ಲ, ವಿಚಾರಿಸಲಿಲ್ಲ. ಹೋದ ಸಲ ಹೇಳಿದವಳು ಯಾರೋ ಈ ಸಲ ಹೇಳಿದವಳೂ ಅವಳೇ ಎಂದು ತೀರ್ಮಾನ ಮಾಡಿದರು. ಆ ಹೆಂಗಸಿನ ಕೊಟ್ಟಿಗೆಯ ಮುಂದೆ ನಿಂತು ಬೈದರು. ಅವರ ಕರು ಕೇಳುವುದನ್ನೂ ಬಿಟ್ಟರು, ಅವರಿಗೆ ಕರು ಕೊಡುವುದನ್ನೂ ಬಿಟ್ಟರು.

ನಾನು ಮೂರೂ ಮನೆಗೆ ಹೋಗಿ, ಫೋನು ಮಾಡಿದ್ದು ನಾನು, ಅವರು ಬಾಯೇ ಬಿಟ್ಟಿಲ್ಲ ಎಂದೆ. ಬಿಳಿ ಹಸುವಿನ ಯಜಮಾನರು ಕೈಮುಗಿದರು. “ನೀವು ದೊಡ್ಡೋರು ಡಾಕ್ಟ್ರಮ್ಮ. ಆಯಮ್ಮನ್ನ ಉಳ್ಸಕ್ಕೆ ಹಿಂಗ್ ಹೇಳ್ತಿದೀರ. ನಮಗೆ ಅರ್ಥ ಆಯ್ತದೆ.” ನಿಜ ಹೇಳಿದ್ದಕ್ಕೆ ಸುಳ್ಳಿನ ಬೆಲೆಯೂ ಸಿಗದ ದಿನ ಅದು.

ಕೆಂದ ಹಸು ಇನ್ನೂ ಇದೆ. ಅದರ ಒಡತಿ ಈಗ ಮಡಿವಾಳದ ಕಡೆ ಒಂದು ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಾರೆ, ಬೆಳಿಗ್ಗೆ ಹೋಗುವ ಮೊದಲು ನಮಗೆ ಹಾಲು ಹಾಕುತ್ತಾರೆ. ನಾವು ನೀರಿನ ವಿಷಯಕ್ಕೆ ಈಗ ಜಗಳವಾಡುವುದಿಲ್ಲ. ಆ ಜಗಳ ಇಲ್ಲದ್ದು ನನಗೆ ಬಹಳ ಕಷ್ಟವಾಗುತ್ತದೆ. ಮೊನ್ನೆ ತಡೆಯಲಾರದೆ, “ಅವತ್ತು ಫೋನ್ ಮಾಡಿದ್ದು ನಾನೇ. ನಿಮ್ಮ ಮೇಲೆ ಬಂತು” ಎಂದೆ.

“ನಂಗೊತ್ತು,” ಎಂದರು. ಹಾಲು ಅಳೆದು ಪಾತ್ರೆಗೆ ಹುಯ್ದರು. ಮೇಲೆ ಒಂದು ಚೂರು ಕೊಸರನ್ನೂ ಹಾಕಿದರು. ಹೊರಡುವಾಗ ತಿರುಗಿ, ನನಗೇ ಬುದ್ಧಿ ಹೇಳುವವರಂತೆ ಮೆಲ್ಲಗೆ ಹೇಳಿದರು:

“ಮುಂದಿನ್ಸಲ ಹೇಳೋದಿದ್ರೆ ನಂಗೆ ಹಿಂದಿನ್ ದಿನಾನೇ ಗುಟ್ಟಾಗಿ ಒಂದ್ಮಾತು ತಿಳ್ಸಿ ಡಾಕ್ಟ್ರಮ್ಮ. ಇಲಾಖೆಯೋರು ಬರೋದ್ರೊಳಗೆ ಹಸು ಕರು ಎರಡನ್ನೂ ಬೇರೆ ಊರಿಗೆ ಹೊಡ್ಕೊಂಡು ಹೋಗ್ಬುಡ್ತೀನಿ.”